ಮೂರು ಊರುಗಳ ಶಾಲೆ

ಶಾಲೆಯೆಂದರೆ ಒಂದು ಊರು, ಒಂದು ಕಟ್ಟಡ, ಬೆಳಗಿನ ಜಾವದ ಒಂದು ಗಂಟೆಯ ನಾದ ಎಂದು ನಂಬಿ ಬೆಳೆದವನು ನಾನು. ಒಂಬತ್ತನೆಯ ವಯಸ್ಸಿಗೆ ತಂದೆಯವರು ನನ್ನನ್ನು ಮಠದ ಪ್ರಸಾದ ನಿಲಯದಲ್ಲಿ ಬಿಟ್ಟು ಹೋದರು. ಮುಂದೆ ಹನ್ನೆರಡು ವರ್ಷ ಅದೇ ಅಂಗಳ, ಅದೇ ಕಲ್ಲುಕಂಬ. ಆ ಕಂಬಕ್ಕೆ ಬೆನ್ನು ಕೊಟ್ಟು ಕೂತೇ ನಾನು ಶಬ್ದಮಣಿದರ್ಪಣವನ್ನೂ ಸಿದ್ಧಾಂತಕೌಮುದಿಯನ್ನೂ ಓದಿದ್ದು. ಒಂದೆಡೆ ನೆಲೆನಿಲ್ಲದವನಿಗೆ ವಿದ್ಯೆ ಹತ್ತುವುದಿಲ್ಲವೆಂಬುದು ನಮ್ಮ ಗುರುಗಳ ದೃಢ ನಂಬಿಕೆಯಾಗಿತ್ತು, ನನ್ನದೂ ಆಗಿತ್ತು.

ಆದ್ದರಿಂದ 2017ರ ಬೇಸಿಗೆಯಲ್ಲಿ ನನ್ನ ತಮ್ಮನ ಮಗಳು ಒಂದು ಕಾಗದ ಹಿಡಿದು ಪಡಸಾಲೆಗೆ ಬಂದು, ತಾನು ಮೂರು ದೇಶಗಳಲ್ಲಿ ಒಂದೇ ಪದವಿ ಓದಲು ಆಯ್ಕೆಯಾಗಿದ್ದೇನೆಂದು ಹೇಳಿದಾಗ, ಮೊದಲು ವಿರೋಧಿಸಿದವನು ನಾನೇ. ಅವಳು ಹುಬ್ಬಳ್ಳಿಯಲ್ಲಿ ಬಿ.ಎ. ಮುಗಿಸಿ, ಬೆಂಗಳೂರಿನಲ್ಲಿ ಎರಡು ವರ್ಷ ಚಿತ್ರಸಂಕಲನದ ಕೆಲಸ ಮಾಡುತ್ತಿದ್ದಳು. ಓದಹೊರಟಿದ್ದು ಸಾಕ್ಷ್ಯಚಿತ್ರ ನಿರ್ದೇಶನದ ಸ್ನಾತಕೋತ್ತರ ಪದವಿ. ಅದರ ಹೆಸರು ಡಾಕ್‌ನೊಮ್ಯಾಡ್ಸ್, ಅಂದರೆ ಸಾಕ್ಷ್ಯಚಿತ್ರದ ಅಲೆಮಾರಿಗಳು. 2012ರಲ್ಲಿ ಆರಂಭವಾದ ಈ ಎರಡು ವರ್ಷದ ಶಿಕ್ಷಣದಲ್ಲಿ ಮೊದಲ ಅರ್ಧವರ್ಷ ಪೋರ್ಚುಗಲ್ಲಿನ ಲಿಸ್ಬನ್ ನಗರದ ಲುಸೊಫೋನಾ ವಿಶ್ವವಿದ್ಯಾಲಯದಲ್ಲಿ, ಎರಡನೆಯದು ಹಂಗೇರಿಯ ಬುಡಾಪೆಸ್ಟಿನ ರಂಗಭೂಮಿ ಮತ್ತು ಚಲನಚಿತ್ರ ಕಲೆಗಳ ವಿಶ್ವವಿದ್ಯಾಲಯದಲ್ಲಿ, ಮೂರನೆಯದು ಬೆಲ್ಜಿಯಂ ರಾಜಧಾನಿ ಬ್ರಸೆಲ್ಸಿನ ಲೂಕಾ ಕಲಾಶಾಲೆಯಲ್ಲಿ. ನಾಲ್ಕನೆಯದನ್ನು ಈ ಮೂರರಲ್ಲೊಂದು ಊರಿನಲ್ಲಿ ನಿಂತು, ಪದವಿಯ ಕೊನೆಯ ಚಿತ್ರ ಮಾಡುವುದರಲ್ಲಿ ಕಳೆಯಬೇಕು. ಪಾಠ ನಡೆಯುವುದು ಇಂಗ್ಲಿಷಿನಲ್ಲಿ. ಊರಿನ ಜನ ಮಾತಾಡುವುದು ಮಾತ್ರ ಒಂದೊಂದೂರಲ್ಲಿ ಒಂದೊಂದು.

"ಊರೂರು ತಿರುಗೂದೂ ಒಂದು ಓದೇನ?" ಎಂದು ನಮ್ಮ ತಾಯಿ ಕೇಳಿದರು. ಮನೆಯಲ್ಲಿ ಯಾರಲ್ಲಿಯೂ ಉತ್ತರವಿರಲಿಲ್ಲ.

ಐರೋಪ್ಯ ಒಕ್ಕೂಟದ ಎರಾಸ್ಮಸ್ ಮುಂಡಸ್ ಯೋಜನೆಯಡಿ ಇಂಥ ಕೂಡುಪದವಿಗಳು ನಡೆಯುತ್ತವೆ. ಆಯ್ಕೆಯಾದವರಲ್ಲಿ ಕೆಲವರಿಗೆ ಪೂರ್ಣ ವಿದ್ಯಾರ್ಥಿವೇತನ ದೊರೆಯುತ್ತದೆ. ಅವಳಿಗೆ ಪ್ರವೇಶ ದೊರೆಯಿತು, ವೇತನ ದೊರೆಯಲಿಲ್ಲ. ಮಕ್ಕಳನ್ನು ಕಳಿಸಹೊರಟ ಪಾಲಕರು ಈ ಎರಡು ಮಾತುಗಳ ನಡುವಿನ ಅಂತರವನ್ನು ಮೊದಲೇ ತಿಳಿದಿರುವುದು ಲೇಸು. ಏಳೂವರೆ ಲಕ್ಷಕ್ಕೆ ಮೇಲ್ಪಟ್ಟ ಶಿಕ್ಷಣ ಸಾಲಕ್ಕೆ ಆಸ್ತಿಯ ಭದ್ರತೆ ಬೇಕಾಗುತ್ತದೆ. ತಮ್ಮ ನಾಲ್ಕು ಎಕರೆ ಎರೆಹೊಲವನ್ನು ಅಡವಿಟ್ಟ. ಜಾಮೀನಿಗೆ ನಾನು ಸಹಿ ಹಾಕಿದೆ. ವಿರೋಧಿಸಿದವನೇ ಸಹಿ ಹಾಕಿದ್ದೇಕೆಂದು ಕೇಳಿದರೆ, ಆ ದಿನ ಅವಳು ಅಳಲಿಲ್ಲ, ಬೇಡಲಿಲ್ಲ. ತನ್ನ ಕಾಗದವನ್ನು ಮಡಿಚಿ ಸುಮ್ಮನೆ ಒಳಗೆ ಹೋದಳು. ಅದನ್ನು ನೋಡಲಾಗಲಿಲ್ಲ.

ಕಾಲೇಜಿನ ನೌಕರಿಯಿಂದ ನಿವೃತ್ತನಾದ ಮರುವರ್ಷ, 2019ರ ಜನವರಿಯಲ್ಲಿ, ನಾನು ಬ್ರಸೆಲ್ಸಿಗೆ ಹೊರಟೆ. ಪೆಟ್ಟಿಗೆಯಲ್ಲಿ ಎಂಟು ಕಿಲೋ ಜೋಳದ ಹಿಟ್ಟು, ಶೇಂಗಾ ಚಟ್ನಿ, ಅಗಸಿ ಚಟ್ನಿ. ಮೈಮೇಲೆ ನೆರೆಯವರಿಂದ ಎರವಲು ತಂದ ಉಣ್ಣೆಯ ಕೋಟು. ಜಾಮೀನುದಾರ ಸ್ಥಳ ತನಿಖೆಗೆ ಬಂದಿದ್ದಾನೆಂದು ವಿಮಾನ ನಿಲ್ದಾಣದಲ್ಲಿ ಅವಳು ನಕ್ಕಳು. ನಗೆಯ ಮಾತಾದರೂ ಅದರಲ್ಲಿ ಸುಳ್ಳಿರಲಿಲ್ಲ.

ಜನವರಿಯ ಬ್ರಸೆಲ್ಸಿನಲ್ಲಿ ಬೆಳಗಿನ ಎಂಟೂವರೆಯ ತನಕ ಸೂರ್ಯನಿಲ್ಲ. ಆಮೇಲೂ ಇದ್ದಾನೆಂದು ನಂಬಬೇಕು ಅಷ್ಟೆ. ಅವಳ ಕೋಣೆಯಿದ್ದದ್ದು ಉತ್ತರ ರೈಲು ನಿಲ್ದಾಣದ ಆಚೆಗಿನ ಸ್ಕಾರ್‌ಬೀಕ್ ಎಂಬ ಭಾಗದಲ್ಲಿ, ಕಲಾಶಾಲೆಯೂ ಅಲ್ಲಿಯೇ. ಬೀದಿಬೀದಿಗೂ ಎರಡು ಹೆಸರು. ಮೇಲೊಂದು ಫ್ರೆಂಚ್, ಕೆಳಗೊಂದು ಡಚ್. ಬೆಳಗಾವಿ ಸೀಮೆಯಿಂದ ಹೋದ ನನಗೆ ಫಲಕಗಳ ಈ ಜೋಡಿಯನ್ನು ಕಂಡೊಡನೆ ಏನೋ ಸಮೀಪದ್ದೆನಿಸಿತು. ನೆರೆಯ ಲ್ಯುವೆನ್ ಊರಿನ ಹಳೆಯ ವಿಶ್ವವಿದ್ಯಾಲಯ 1968ರಲ್ಲಿ ಭಾಷೆಯ ಜಗಳದಿಂದ ಇಬ್ಭಾಗವಾದಾಗ, ಗ್ರಂಥಾಲಯದ ಪುಸ್ತಕಗಳನ್ನು ಸರಿಸಂಖ್ಯೆಯವು ಒಬ್ಬರಿಗೆ, ಬೆಸಸಂಖ್ಯೆಯವು ಇನ್ನೊಬ್ಬರಿಗೆಂದು ಹಂಚಿದರಂತೆ. ಪುಸ್ತಕದ ಹುಳುವಾದ ನನಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಎರಡು ಸಂಪುಟಗಳ ಒಂದು ನಿಘಂಟಿನ ಗತಿಯೇನಾಗಿರಬಹುದು!

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ಆ ದೇಶದ ಪ್ರಸಿದ್ಧ ಆಲೂಗಡ್ಡೆಯ ಕರಿದ ತುಂಡುಗಳನ್ನು ಸಂಪ್ರದಾಯದಂತೆ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಕೇಳಿ ತಿನ್ನಬೇಕು. ನಾವು ರೊಟ್ಟಿ ಬಡಿದುಕೊಂಡೆವು.

ಮರುದಿನ ಅವಳು ನನ್ನನ್ನು ಕರೆದೊಯ್ದದ್ದು ಕಲಾಶಾಲೆಗಲ್ಲ, ಒಂದು ದರ್ಜಿಯ ಅಂಗಡಿಗೆ. ಎಂಟಡಿ ಅಗಲದ ಅಂಗಡಿ, ಒಂದು ಹಳೆಯ ಹೊಲಿಗೆ ಯಂತ್ರ, ಗೋಡೆಗೆ ತೂಗಿದ ನೂರಾರು ನೂಲಿನ ಉರುಳೆಗಳು, ಅವುಗಳ ನಡುವೆ ಎಪ್ಪತ್ತು ದಾಟಿದ ಒಬ್ಬ ತುರ್ಕಿ ಮುದುಕ. ಅವನನ್ನು ಕುರಿತೇ ಅವಳ ಮೂರನೆಯ ಅರ್ಧವರ್ಷದ ಚಿತ್ರ.

ಅವನು ಅಲ್ಲಿಗೆ ಬಂದ ಕಾರಣದಲ್ಲಿ ಒಂದು ಇತಿಹಾಸವಿದೆ. ಎರಡನೆಯ ಮಹಾಯುದ್ಧದ ನಂತರ ಬೆಲ್ಜಿಯಂ ತನ್ನ ಕಲ್ಲಿದ್ದಲ ಗಣಿಗಳಿಗೆ ಇಟಲಿಯಿಂದ ಆಳುಗಳನ್ನು ತರಿಸುತ್ತಿತ್ತು. 1956ರಲ್ಲಿ ಮಾರ್ಸಿನೆಲ್ ಎಂಬಲ್ಲಿ ಗಣಿಗೆ ಬೆಂಕಿ ಬಿದ್ದು 262 ಜನ ಸತ್ತರು. ಅವರಲ್ಲಿ 136 ಜನ ಇಟಲಿಯವರು. ಆಮೇಲೆ ಇಟಲಿ ತನ್ನವರನ್ನು ಕಳಿಸುವುದನ್ನು ನಿಲ್ಲಿಸಿತು. ಬೆಲ್ಜಿಯಂ ಬೇರೆ ದೇಶಗಳ ಕಡೆ ತಿರುಗಿ, 1964ರಲ್ಲಿ ಮೊರಾಕೊ ಹಾಗೂ ತುರ್ಕಿಗಳೊಡನೆ ಒಪ್ಪಂದ ಮಾಡಿಕೊಂಡಿತು. ಸ್ಕಾರ್‌ಬೀಕಿನ ತುರ್ಕಿಯರಲ್ಲಿ ಬಹಳ ಮಂದಿಯ ಮೂಲ ಎಮಿರ್‌ದಾಗ್ ಎಂಬ ಒಂದೇ ಸೀಮೆ. ಈ ಮುದುಕನೂ ಅಲ್ಲಿಯವನೇ. ಹರೆಯದಲ್ಲಿ ಗಣಿಗೆ ಬಂದು, ಎದೆ ಕೆಟ್ಟ ಮೇಲೆ ಸೂಜಿ ಹಿಡಿದವನು.

"ಮೊದಲ ಎರಡು ವಾರ ನಾ ಕ್ಯಾಮೆರಾ ಹೊರಗ ತೆಗೀಲಿಲ್ಲ ದೊಡ್ಡಪ್ಪ. ಬರೇ ಬಂದು ಕೂತೆ" ಎಂದಳು. "ಅವರ ಮಾತು ನನಗ ತಿಳಿಯೂದಿಲ್ಲ, ನನ್ನ ಮಾತು ಅವರಿಗೆ ತಿಳಿಯೂದಿಲ್ಲ. ಮಾತು ತಿಳೀಲಿಲ್ಲಂದ್ರ ಮಾರಿ ನೋಡೂದು ಕಲೀತೀವಿ."

ಈ ಒಂದು ವಾಕ್ಯ ನನ್ನ ತನಿಖೆಯನ್ನು ಅರ್ಧಕ್ಕೆ ಮುಗಿಸಿತು. ಮೂರು ದೇಶ ತಿರುಗಿಸುವುದು ಮೂರು ರೀತಿಯ ಯಂತ್ರ ತೋರಿಸಲಿಕ್ಕಿರಬೇಕೆಂದು ನಾನು ತಿಳಿದಿದ್ದೆ. ಕ್ಯಾಮೆರಾ ಲಿಸ್ಬನ್ನಿನಲ್ಲಿಯೂ ಅದೇ, ಬ್ರಸೆಲ್ಸಿನಲ್ಲಿಯೂ ಅದೇ. ಅದಕ್ಕಾಗಿ ಯಾರೂ ಹೊಲ ಅಡವಿಡಬೇಕಿಲ್ಲ. ಅಲ್ಲಿ ಕಲಿಸುವುದು ಪರರ ಮನೆಯ ಹೊಸಿಲಲ್ಲಿ ಹೇಗೆ ನಿಲ್ಲಬೇಕೆಂಬುದನ್ನು. ಒಂದೂರಿನಲ್ಲಿ ಅದು ರೂಢಿಯಾಗುವಷ್ಟರಲ್ಲಿ ಊರನ್ನೇ ಬದಲಿಸಿ ಮತ್ತೆ ಅಪರಿಚಿತರನ್ನಾಗಿ ಮಾಡುತ್ತಾರೆ. ನಮ್ಮ ಕಂಬ ಕಲಿಸಿದ ವಿದ್ಯೆ ಬೇರೆ. ಇದೂ ವಿದ್ಯೆಯೇ ಎಂದು ಒಪ್ಪಿಕೊಳ್ಳಲು ನನಗೆ ಆ ಅಂಗಡಿಯ ಮುರುಕು ಕುರ್ಚಿ ಬೇಕಾಯಿತು.

ಮುದುಕ ನನ್ನ ಕೈಗೆ ಸಣ್ಣ ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ ಕೊಟ್ಟ. ಬಳಿಕ ನನ್ನ ಕೋಟಿನ ತೋಳನ್ನು ಹಿಡಿದು ನೋಡಿ ತಲೆಯಲ್ಲಾಡಿಸಿದ. ಎರವಲು ಕೋಟು, ತೋಳು ನಾಲ್ಕು ಬೆರಳು ಉದ್ದ. ಬಿಚ್ಚಿಸಿಕೊಂಡು ಅಲ್ಲಿಯೇ ಮಡಿಚಿ ಹೊಲಿದುಕೊಟ್ಟ. ಹಣ ಕೊಡಹೋದರೆ ಎದೆಯ ಮೇಲೆ ಕೈಯಿಟ್ಟು ಬೇಡವೆಂದ. ಊರಿಗೆ ಮರಳಿದ ಮೇಲೆ ಕೋಟಿನ ಒಡೆಯರಿಗೆ ವಿವರಣೆ ಕೊಡಬೇಕಾದದ್ದು ಬೇರೆ ಪ್ರಸಂಗ.

ಆ ವಾರದ ಕೊನೆಗೆ ಅವಳು ಜೋಡಿಸಿದ ಚಿತ್ರವನ್ನು ಕಂಪ್ಯೂಟರಿನಲ್ಲಿ ಮುದುಕನಿಗೆ ತೋರಿಸಿದಳು. ಅವನ ಮಗಳೂ ಇದ್ದಳು. ಫ್ರೆಂಚ್ ಬಲ್ಲವಳು, ಒಂದಿಷ್ಟು ಇಂಗ್ಲಿಷ್ ಕೂಡ. ಚಿತ್ರದ ನಡುವೆ ಒಂದು ಭಾಗವಿತ್ತು. ಮುದುಕ ಒಂದು ಹಳೆಯ ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕುತ್ತಾನೆ. ಓದುಬರಹ ಬಾರದ ಅವನ ತಾಯಿ ಊರಿನಿಂದ ಧ್ವನಿಮುದ್ರಿಸಿ ಕಳಿಸಿದ್ದ ಮಾತು ಅದು. ಪರದೇಶಕ್ಕೆ ದುಡಿಯಹೋದವರ ಮನೆಗಳಲ್ಲಿ ಆ ಕಾಲಕ್ಕೆ ಪತ್ರದ ಬದಲು ಕ್ಯಾಸೆಟ್ ಕಳಿಸುವ ರೂಢಿಯಿತ್ತು. ಕೋಳಿ ಕೂಗುತ್ತದೆ, ಯಾರೋ ಮಕ್ಕಳು ನಗುತ್ತಾರೆ, ಆ ತಾಯಿ ಒಂದೇ ಮಾತನ್ನು ಮತ್ತೆ ಮತ್ತೆ ಕೇಳುತ್ತಾಳೆ. ಮುದುಕ ಯಂತ್ರದ ಮೇಲೆ ತಲೆಯಿಟ್ಟು ಅಳುತ್ತಾನೆ. ಭಾಷೆ ತಿಳಿಯದ ನನ್ನ ಕಣ್ಣೂ ತುಂಬಿತು.

ಮುದುಕ ಕೈಯೆತ್ತಿದ. ಇದು ಬೇಡ ಎಂದ. ತಾಯಿ ಸತ್ತಾಗ ತಾನು ಹೋಗಲಿಲ್ಲ, ಅದನ್ನು ಜನ ನೋಡುವುದು ಬೇಡ ಎಂದು ಮಗಳು ತಿಳಿಸಿ ಹೇಳಿದಳು.

ಆ ಭಾಗವಿಲ್ಲದ ಚಿತ್ರ ಬಡವಾಗುತ್ತದೆಂಬುದು ನನಗೂ ತಿಳಿಯುವಂತಿತ್ತು. ರಾತ್ರಿ ಅವಳ ಸಹಪಾಠಿಗಳು ನಾಲ್ವರು, ನಾಲ್ಕು ದೇಶದವರು, ಕೋಣೆಯಲ್ಲಿ ಕೂತು ರೊಟ್ಟಿ ತಿನ್ನುತ್ತ ವಾದಿಸಿದರು. ಅವನು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದ್ದಾನೆ, ಕಾನೂನಿನ ತೊಡಕಿಲ್ಲ ಎಂದನೊಬ್ಬ. ಇಂಥ ಕ್ಷಣ ಜೀವಮಾನದಲ್ಲಿ ಒಮ್ಮೆ ಸಿಗುವುದೆಂದಳು ಇನ್ನೊಬ್ಬಳು. ಗುರುಗಳನ್ನು ಕೇಳಿದಾಗ ನಿರ್ಧಾರ ನಿನ್ನದೇ ಎಂದರಂತೆ. ಅವಳು ಬೆಳಗಿನ ನಾಲ್ಕರವರೆಗೆ ಎಚ್ಚರವಿದ್ದು ಆ ಆರು ನಿಮಿಷಗಳನ್ನು ತೆಗೆದುಹಾಕಿದಳು. ಸಹಿಗೂ ಒಪ್ಪಿಗೆಗೂ ಭೇದವಿದೆಯೆಂದು ಜಾಮೀನುದಾರನಾದ ನಾನು ಅವಳಿಗೆ ಹೇಳಿಕೊಡುವ ಅವಶ್ಯಕತೆ ಬೀಳಲಿಲ್ಲ. ಶಾಲೆಯ ಪ್ರದರ್ಶನದಲ್ಲಿ ಆ ಚಿತ್ರಕ್ಕೆ ಸಾಧಾರಣ ಮೆಚ್ಚುಗೆ ದೊರೆಯಿತು.

ಬ್ರಸೆಲ್ಸಿನಲ್ಲಿ ನೋಡಿದ ಇನ್ನೆರಡು ಸಂಗತಿಗಳನ್ನು ಹೇಳಿ ಮುಂದೆ ಹೋಗುತ್ತೇನೆ. ಒಂದು ರಾತ್ರಿ ಅವಳು ಆ ಊರಿನಲ್ಲಿಯೇ 1950ರಲ್ಲಿ ಹುಟ್ಟಿದ ಶಾಂತಾಲ್ ಅಕೆರ್‌ಮಾನ್ ಎಂಬಾಕೆಯ ಚಿತ್ರವನ್ನು ತೋರಿಸಿದಳು. 1975ರ ಆ ಚಿತ್ರದ ಹೆಸರು ಒಬ್ಬ ವಿಧವೆಯ ಹೆಸರು ಮತ್ತು ಅವಳ ಮನೆಯ ವಿಳಾಸ. 201 ನಿಮಿಷ ಆಕೆ ಆಲೂಗಡ್ಡೆ ಸುಲಿಯುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ಹಾಸಿಗೆ ಸರಿಪಡಿಸುತ್ತಾಳೆ. ಮನೆಮಂದಿಯೆಲ್ಲ ಕೂತು ನೋಡುವ ಚಿತ್ರವಲ್ಲ. ಕಥೆಯಲ್ಲಿ ಕಠೋರವಾದ ಭಾಗಗಳಿವೆ. ಮೊದಲ ಅರ್ಧ ತಾಸು ನನಗೆ ರೇಗಿತು. ಆಮೇಲೆ, ನನ್ನ ಹೆಂಡತಿ ನಲವತ್ತು ವರ್ಷ ಅಡಿಗೆಮನೆಯಲ್ಲಿ ಏನು ಮಾಡುತ್ತಿದ್ದಳೆಂಬುದನ್ನು ನಾನು ಇಷ್ಟು ಹೊತ್ತು ಒಮ್ಮೆಯೂ ನೋಡಿರಲಿಲ್ಲವೆಂದು ಹೊಳೆಯಿತು. ಬ್ರಿಟನ್ನಿನ ಒಂದು ಚಲನಚಿತ್ರ ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ಕೇಳಿ ಶ್ರೇಷ್ಠ ಚಿತ್ರಗಳನ್ನು ಆರಿಸುತ್ತದೆ. 2022ರಲ್ಲಿ ಈ ಚಿತ್ರಕ್ಕೆ ಮೊದಲ ಸ್ಥಾನ ಬಂದಿತೆಂದು ಓದಿ ನನಗೆ ಆಶ್ಚರ್ಯವಾಗಲಿಲ್ಲ.

ಇನ್ನೊಂದು, ನಗರದ ಪಶ್ಚಿಮ ಭಾಗದ ಆಂಡರ್‌ಲೆಕ್ಟಿನಲ್ಲಿರುವ ಎರಾಸ್ಮಸನ ಮನೆ. ಈ ವಿದ್ಯಾರ್ಥಿ ಯೋಜನೆಗಳು ಹೊತ್ತ ಹೆಸರಿನ ಪಂಡಿತ ಇವನೇ. ಸುರಂಗ ರೈಲಿನಿಂದಿಳಿದು ನಾಲ್ಕು ಹೆಜ್ಜೆ ನಡೆದರೆ ಕೆಂಪು ಇಟ್ಟಿಗೆಯ ಹಳೆಯ ಮನೆ, ಹಿಂದೆ ಕೈತೋಟ. 1521ರಲ್ಲಿ ಅವನು ಕೆಲವು ತಿಂಗಳು ಇಲ್ಲಿ ತಂಗಿದ್ದ. 1932ರಿಂದ ಅದು ವಸ್ತುಸಂಗ್ರಹಾಲಯ. ರಾಟರ್‌ಡ್ಯಾಮಿನಲ್ಲಿ ಹುಟ್ಟಿ, ತರುಣನಾಗಿದ್ದಾಗ ಸ್ಟೇನ್ ಎಂಬಲ್ಲಿಯ ಮಠ ಸೇರಿದ, 1492ರಲ್ಲಿ ದೀಕ್ಷೆ ಪಡೆದ. ಓದಿಗೆಂದು ಅಪ್ಪಣೆ ಪಡೆದು ಪ್ಯಾರಿಸ್ಸಿಗೆ ಹೋದವನು ಇಂಗ್ಲೆಂಡ್, ಇಟಲಿ, ಲ್ಯುವೆನ್, ಬಾಸೆಲ್ ಎಂದು ತಿರುಗುತ್ತಲೇ ಇದ್ದ. 1514ರಲ್ಲಿ ಮಠದ ಹಿರಿಯರು ಮರಳಿ ಬಾ ಎಂದು ಬರೆದಾಗ ಬರಲಾರೆನೆಂದು ದೀರ್ಘ ಉತ್ತರ ಬರೆದ. ಸತ್ತ ಮೇಲೆ, 1559ರಲ್ಲಿ, ಪೋಪರ ನಿಷಿದ್ಧ ಗ್ರಂಥಗಳ ಪಟ್ಟಿಯಲ್ಲಿ ಅವನ ಸಮಸ್ತ ಕೃತಿಗಳೂ ಸೇರಿದವು. ಆ ಮನೆಯ ಹಳೆಯ ಪುಸ್ತಕಗಳ ಮುಂದೆ ನಿಂತಾಗ ನನ್ನ ಸಹಾನುಭೂತಿ ಅರ್ಧ ಅವನ ಕಡೆಗಿದ್ದರೆ ಅರ್ಧ, ಮಠದಲ್ಲಿ ಕೂತು ಅವನ ದಾರಿ ಕಾಯ್ದ ಆ ಹಿರಿಯರ ಕಡೆಗಿತ್ತು. ನಮ್ಮಲ್ಲಿಯೂ ಹುಡುಗರನ್ನು ಸಂಸ್ಕೃತಕ್ಕೆಂದು ಕಾಶಿಗೆ ಕಳಿಸಿ ಗುರುಗಳು ಹೀಗೆಯೇ ಕಾಯುತ್ತಿದ್ದರು. ಕೆಲವರು ಬಂದರು.

ಫೆಬ್ರವರಿಯ ಮೊದಲಿಗೆ ಕೊನೆಯ ಚಿತ್ರಕ್ಕಾಗಿ ಅವಳು ಲಿಸ್ಬನ್ನಿಗೆ ಮರಳಬೇಕಿತ್ತು. ನಾನೂ ಜೊತೆಗೆ ಹೊರಟೆ. ನನ್ನ ವೀಸಾ ಒಂದೇ, ಅದೇ ಎಲ್ಲ ದೇಶಕ್ಕೂ ನಡೆಯುತ್ತಿತ್ತು. ಅವಳಿಗೋ ಒಂದೊಂದು ದೇಶಕ್ಕೂ ಬೇರೆ ವಾಸದ ಪರವಾನಗಿ, ಬೇರೆ ಸರತಿ, ಬೇರೆ ಕಾಗದ. ವಿಮಾನದಲ್ಲಿ ಮೂರು ತಾಸಿನ ದಾರಿ. ನಾನು ನೋಡದ ಬುಡಾಪೆಸ್ಟಿನ ಕಥೆಯನ್ನು ಅವಳು ಹೇಳಿದ್ದು ಆಗ.

ಡಾನ್ಯೂಬ್ ನದಿಯ ಎರಡು ದಡದ ಊರುಗಳು 1873ರಲ್ಲಿ ಒಂದಾಗಿ ಆದ ನಗರ ಅದು. ಅಲ್ಲಿಯ ಕಲಾಶಾಲೆ 1865ರಷ್ಟು ಹಳೆಯದು. 1956ರಲ್ಲಿ ಸೋವಿಯತ್ ಟ್ಯಾಂಕುಗಳು ನಗರದೊಳಗೆ ನುಗ್ಗಿದಾಗ, ಆಗತಾನೇ ಅಲ್ಲಿ ಓದು ಮುಗಿಸಿದ್ದ ವಿಲ್ಮೋಶ್ ಜಿಗ್ಮಂಡ್, ಇನ್ನೂ ಓದುತ್ತಿದ್ದ ಲಾಸ್ಲೊ ಕೋವಾಚ್ ಎಂಬಿಬ್ಬರು ಶಾಲೆಯ ಕ್ಯಾಮೆರಾ ಹಿಡಿದು ಬೀದಿಯಲ್ಲಿ ನಡೆದದ್ದನ್ನು ಚಿತ್ರಿಸಿದರು. ಆ ಸುರುಳಿಗಳನ್ನು ಹೊತ್ತು ಗಡಿ ದಾಟಿ ಆಸ್ಟ್ರಿಯಾ ಸೇರಿದರು. ಮುಂದೆ ಇಬ್ಬರೂ ಅಮೆರಿಕದ ದೊಡ್ಡ ಛಾಯಾಗ್ರಾಹಕರಾದರು; ಜಿಗ್ಮಂಡನಿಗೆ 1977ರ ಒಂದು ಚಿತ್ರಕ್ಕಾಗಿ ಆಸ್ಕರ್ ಬಂದಿತು. ನಾವು ಮರಳಿ ಬಂದ ಮೇಲೆ, 2020ರಲ್ಲಿ, ಆ ಶಾಲೆಯ ಆಡಳಿತವನ್ನು ಸರಕಾರ ಒಂದು ಪ್ರತಿಷ್ಠಾನಕ್ಕೆ ಒಪ್ಪಿಸಿತು. ವಿದ್ಯಾರ್ಥಿಗಳು ಸೆಪ್ಟೆಂಬರಿನಲ್ಲಿ ಕಟ್ಟಡವನ್ನು ವಶಕ್ಕೆ ತೆಗೆದುಕೊಂಡು, ಬಾಗಿಲಿಗೆ ಕೆಂಪುಬಿಳಿ ಪಟ್ಟಿ ಕಟ್ಟಿ, ಸಾಂಕ್ರಾಮಿಕ ರೋಗದ ನಿರ್ಬಂಧಗಳು ಬರುವ ತನಕ ಎರಡು ತಿಂಗಳಿಗೂ ಮೇಲೆ ಒಳಗೇ ಇದ್ದರು. ಅನೇಕ ಅಧ್ಯಾಪಕರು ರಾಜೀನಾಮೆಯಿತ್ತರು. ಆ ದಿನಗಳಲ್ಲಿ ಅವಳು ನಮ್ಮ ಪಡಸಾಲೆಯಲ್ಲಿ ಕೂತು ತಾನು ಕಲಿತ ಬಾಗಿಲನ್ನು ಫೋನಿನ ತೆರೆಯ ಮೇಲೆ ನೋಡುತ್ತಿದ್ದಳು.

ಲಿಸ್ಬನ್ನಿನಲ್ಲಿ ಬಿಸಿಲಿತ್ತು! ಸಣ್ಣ ಸಣ್ಣ ಬಿಳಿಗಲ್ಲು ಹಾಸಿದ ಇಳಿಜಾರು ದಾರಿಗಳು ಚೆಂದವೇ ಸರಿ, ವಯಸ್ಸಾದವರ ಮೊಣಕಾಲಿಗಲ್ಲ. ನನಗೆ ಅಲ್ಲಿ ಬಹಳ ಸಂತೋಷ ಕೊಟ್ಟದ್ದು ಅಂಗಡಿಯ ಫಲಕಗಳು. ನಾವು ಕನ್ನಡವೆಂದೇ ಆಡುವ ಚಾವಿ, ಅಲಮಾರಿ, ಬಟಾಟಿ, ಅನಾನಸು, ಇಸ್ತ್ರಿ, ಇವೆಲ್ಲ 1510ರಲ್ಲಿ ಬಿಜಾಪುರದವರಿಂದ ಗೋವೆಯನ್ನು ಕಸಿದುಕೊಂಡವರ ಭಾಷೆಯ ಪದಗಳು. ಮೂರು ದಿನ ನಾನು ಬೀದಿಯಲ್ಲಿ ನಿಂತು ನಿಂತು ಓದಿ ಅವಳಿಗೆ ನಾಚಿಕೆ ತಂದೆ.

ಅಲ್ಲಿಯ ಸಿನೆಮಾ ಸಂಗ್ರಹಾಲಯ ಒಂದು ಹಳೆಯ ಶ್ರೀಮಂತ ಮನೆಯಲ್ಲಿದೆ. ಮಾನುಯೆಲ್ ದ ಒಲಿವೇರಾ ಎಂಬ ನಿರ್ದೇಶಕನ ವಿಷಯ ಅವಳು ಹೇಳಿದ್ದು ಅಲ್ಲಿ. 1908ರಲ್ಲಿ ಪೋರ್ಟೊ ಊರಿನಲ್ಲಿ ಹುಟ್ಟಿದವನು. 1931ರಲ್ಲಿ ತನ್ನೂರಿನ ದೋರು ನದಿಯ ದಡದ ಕೂಲಿಕಾರರನ್ನು ಕುರಿತು ಮೊದಲ ಕಿರುಚಿತ್ರ ಮಾಡಿದ. ನೂರು ತುಂಬಿದ ಮೇಲೂ ಚಿತ್ರಗಳನ್ನು ನಿರ್ದೇಶಿಸಿ 2015ರಲ್ಲಿ, 106ನೆಯ ವಯಸ್ಸಿನಲ್ಲಿ ತೀರಿಕೊಂಡ. "ನೀವೂ ಇನ್ನ ಸುರು ಮಾಡಬಹುದು ದೊಡ್ಡಪ್ಪ" ಎಂದಳು. ಹೊರಡುವ ಮುನ್ನ ನಾನೊಂದು ಮಾತು ಕೇಳಿದೆ: ಇದನ್ನೆಲ್ಲ ಕಲಿಯಲು ಇಷ್ಟು ದೂರ ಬರಬೇಕಿತ್ತೇನವ್ವಾ? ಮೈಸೂರಿನ ವಿ.ಕೆ. ಮೂರ್ತಿಯವರು 1940ರ ದಶಕದಲ್ಲಿ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿಯೇ ಛಾಯಾಗ್ರಹಣ ಕಲಿತು, ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರಾದರಲ್ಲ. ಗಿರೀಶ ಕಾಸರವಳ್ಳಿಯವರಿಗೆ ಪುಣೆ ಸಾಕಾಯಿತಲ್ಲ. ಅವಳು ವಾದಿಸಲಿಲ್ಲ. "ಅವರಿಗೆ ಸಾಕಾತು. ನಾ ಅಷ್ಟು ಶಾಣ್ಯಾಕಿ ಅಲ್ಲ" ಎಂದಳು.

ಈಗ ಅವಳು ಬೆಂಗಳೂರಿನಲ್ಲಿ ಪರರ ಚಿತ್ರಗಳನ್ನು ಸಂಕಲಿಸುತ್ತಾಳೆ, ಬಿಡುವಿನಲ್ಲಿ ತನ್ನವನ್ನು ಮಾಡುತ್ತಾಳೆ. ಸಾಲದ ಕಂತು ಅವಳೇ ಕಟ್ಟುತ್ತಾಳೆ. ಹೊಲದ ಕಾಗದಗಳು ಇನ್ನೂ ಬ್ಯಾಂಕಿನಲ್ಲಿವೆ.

ಹಿಂದಿನ ವರ್ಷ ಒಂದು ಸಂಜೆ ಅವಳ ಫೋನು ಬಂದಿತು. ಬ್ರಸೆಲ್ಸಿನ ಮುದುಕ ತೀರಿಕೊಂಡನಂತೆ. ಅಂಗಡಿ ಖಾಲಿ ಮಾಡುವಾಗ ಆ ಕ್ಯಾಸೆಟ್ ಎಲ್ಲಿಯೋ ಕಸದಲ್ಲಿ ಹೋಗಿಬಿಟ್ಟಿದೆ. ಅಜ್ಜಿಯ ಧ್ವನಿ ಇನ್ನು ಉಳಿದಿರುವುದಾದರೆ ನೀನು ತೆಗೆದುಹಾಕಿದ ಆ ಭಾಗದಲ್ಲಿ ಮಾತ್ರ, ಇದ್ದರೆ ಕಳಿಸುವೆಯಾ ಎಂದು ಮಗಳು ಬರೆದಿದ್ದಾಳೆ. ಇವಳು ಅದನ್ನು ಅಳಿಸಿರಲಿಲ್ಲ. ಯಾರಿಗೂ ತೋರಿಸಿಯೂ ಇರಲಿಲ್ಲ. "ಬ್ಯಾಡ ಅಂದವರು ಅವರು. ಕೇಳಾಕತ್ತಾಕಿ ಅವರ ಮಗಳು. ಏನ ಮಾಡಲಿ ದೊಡ್ಡಪ್ಪ?"

ಹನ್ನೆರಡು ವರ್ಷ ಮಠದಲ್ಲಿ ಶಾಸ್ತ್ರ ಓದಿದವನಿಗೆ ಉತ್ತರ ಥಟ್ಟನೆ ಹೊಳೆಯಲಿಲ್ಲ. ಯೋಚಿಸಿ ಹೇಳುತ್ತೇನೆಂದೆ. ಎರಡು ದಿನ ಬಿಟ್ಟು ನಾನೇ ಫೋನು ಮಾಡಿದೆ. ಅಷ್ಟರಲ್ಲಿ ಅವಳು ಚಿತ್ರವನ್ನು ತೆಗೆದು, ಧ್ವನಿಯನ್ನಷ್ಟೇ ಕಳಿಸಿಯಾಗಿತ್ತು.